ಚಳಿಗಾಲದ ಗೋಧಿ: ರೋಗ, ಕೀಟ ತಡೆಯುವ ಗುಣ ಬರುವುದು ಹೇಗೆ, ಕೈಕೊಡುವುದು ಏಕೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಗೋಧಿಯ ತಳಿಗಳ ಬಗ್ಗೆ ಕೆಲವು ತಿಂಗಳುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ. ಉದ್ದನೆಯ ಪತ್ರಗಳನ್ನು ಮೊಟಕುಗೊಳಿಸಿದ್ದಕ್ಕೆ ಓದುಗರ ಕ್ಷಮೆ ಇರಲಿ.

ಪ್ರಶ್ನೆ: ನಾವು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿದ್ದೇವೆ. ಇಲ್ಲಿ ಅಕ್ಟೋಬರಿನಲ್ಲಿ ಹಸಿರಾಗಿ ಎದ್ದ ಗೋಧಿ ಜನವರಿಯಲ್ಲಿ ಹಿಮದಡಿ ಮಲಗಿದ್ದು ಜೂನಿನಲ್ಲಿ ಕೊಯ್ಲಿಗೆ ಬರುತ್ತದೆ. ಇದನ್ನು ಚಳಿಗಾಲದ ಗೋಧಿ ಎನ್ನುತ್ತಾರೆ. ನಮ್ಮ ಗದಗಿನ ಹಿಂಗಾರಿ ಗೋಧಿಯೂ ಚಳಿಗಾಲದ್ದೇ ಅಲ್ಲವೆ? – ಓದುಗರು, ವಿಚಿಟಾ

ಉತ್ತರ: ಬೆಳೆಯುವ ಕಾಲವನ್ನು ನೋಡಿದರೆ ಹೌದು, ಗಿಡದ ಸ್ವಭಾವವನ್ನು ನೋಡಿದರೆ ಅಲ್ಲ. ಭಾರತದ ಬಯಲು ಸೀಮೆಯಲ್ಲಿ ನಾವು ಹಿಂಗಾರಿನಲ್ಲಿ ಬಿತ್ತುವುದು ತಳಿಶಾಸ್ತ್ರದ ಲೆಕ್ಕದಲ್ಲಿ ವಸಂತದ ಗೋಧಿ. ನಮ್ಮ ಚಳಿಗಾಲ ಅದರ ಪಾಲಿಗೆ ಯುರೋಪಿನ ವಸಂತದಂತೆ ಹಿತವಾಗಿರುವುದರಿಂದ ಅದು ಇಲ್ಲಿ ಒಗ್ಗಿದೆ. ನಿಜವಾದ ಚಳಿಗಾಲದ ಗೋಧಿಗೆ ತೆನೆ ಬಿಡಬೇಕಾದರೆ ಮೊದಲು ಸೊನ್ನೆಯಿಂದ 10 ಡಿಗ್ರಿ ಸೆಲ್ಸಿಯಸ್ ನಡುವಿನ ಚಳಿಯನ್ನು ಸುಮಾರು 4ರಿಂದ 8 ವಾರಗಳ ಕಾಲ ಉಣ್ಣಬೇಕು. ಆ ಚಳಿ ಸಿಗುವವರೆಗೆ ಅದು ನೆಲಕ್ಕೆ ಅಂಟಿಕೊಂಡು ತೆಂಡೆ ಒಡೆಯುತ್ತಲೇ ಇರುತ್ತದೆ, ಮೇಲೆ ಏಳುವುದಿಲ್ಲ. ಶರತ್ಕಾಲದ ನಾಲ್ಕು ಬೆಚ್ಚನೆಯ ದಿನಗಳನ್ನು ವಸಂತವೆಂದು ತಪ್ಪು ತಿಳಿದು ತೆನೆ ಬಿಟ್ಟು ಹಿಮಕ್ಕೆ ಸಿಕ್ಕಿ ಸಾಯದಂತೆ ನಿಸರ್ಗ ಇಟ್ಟಿರುವ ಕಾವಲು ಇದು. ನಿಮ್ಮ ರಾಜ್ಯಕ್ಕೆ ಈ ಗೋಧಿ ಹೆಸರು ತಂದುಕೊಟ್ಟದ್ದು 1874ರಲ್ಲಿ. ದಕ್ಷಿಣ ರಷ್ಯಾ ಸಾಮ್ರಾಜ್ಯದಿಂದ, ಅಂದರೆ ಇಂದಿನ ಉಕ್ರೇನಿನ ಕಡೆಯಿಂದ, ವಲಸೆ ಬಂದ ಮೆನ್ನೊನೈಟ್ ಪಂಗಡದ ರೈತರು ತಮ್ಮೊಡನೆ ತಂದ ‘ಟರ್ಕಿ ರೆಡ್’ ತಳಿಯಿಂದ ಅದು ಶುರುವಾಯಿತು.

ಮುಂದಿನ ಪ್ರಶ್ನೆಗಳಿಗೆ ಬೇಕಾಗುವ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. ಧಾರವಾಡದ ಎರೆ ಹೊಲದಲ್ಲಿ ಗೋಧಿ ಇರುವುದು ನಾಲ್ಕು ತಿಂಗಳೊಳಗೆ. ಕಾನ್ಸಾಸಿನಲ್ಲಿ ಅದು ಎಂಟು ಒಂಬತ್ತು ತಿಂಗಳು ಹೊಲದಲ್ಲಿರುತ್ತದೆ. ಶರತ್ಕಾಲದಲ್ಲಿ ನೊಣ, ಹೇನು, ನುಸಿಗಳಿಗೆ ಎಳೆಯ ಸಸಿ ಸಿಗುತ್ತದೆ, ವಸಂತದಲ್ಲಿ ಶಿಲೀಂಧ್ರಗಳಿಗೆ ಬಲಿತ ಗರಿ ಸಿಗುತ್ತದೆ. ಇಷ್ಟು ಸಾಲದೆಂಬಂತೆ, ಟೆಕ್ಸಾಸಿನ ಹದವಾದ ಚಳಿಯಲ್ಲಿ ಹಸಿರಾಗಿ ಉಳಿಯುವ ಗೋಧಿಯ ಮೇಲೆಯೇ ಗರಿಯ ಮೇಲೆ ತುಕ್ಕಿನಂಥ ಪುಡಿ ಎಬ್ಬಿಸುವ ತುಕ್ಕು ರೋಗದ ಶಿಲೀಂಧ್ರವೂ ಚಳಿಗಾಲ ಕಳೆದು, ಬೇಸಿಗೆ ಉತ್ತರಕ್ಕೆ ಸರಿದಂತೆಲ್ಲ ಗಾಳಿಯ ಜೊತೆ ತಾನೂ ಸರಿಯುತ್ತದೆ. ಆದ್ದರಿಂದ ಅಲ್ಲಿನ ತಳಿ ತಜ್ಞರು ಒಂದು ರೋಗಕ್ಕೆ ಉತ್ತರ ಹುಡುಕಿ ಸುಮ್ಮನಿರುವಂತಿಲ್ಲ.

ಪ್ರಶ್ನೆ: ನಾನು ಕೃಷಿ ಪದವಿ ವಿದ್ಯಾರ್ಥಿನಿ. ನಿರೋಧಕ ತಳಿಯನ್ನು ‘ಅಭಿವೃದ್ಧಿಪಡಿಸಲಾಯಿತು’ ಎಂದು ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕೈಯಿಂದ ಮಾಡುವ ಕೆಲಸ ಏನಿರುತ್ತದೆ? – ಓದುಗರು, ವಿಜಯಪುರ

ಉತ್ತರ: ಕೈಯಿಂದ ಮಾಡುವ ಕೆಲಸವೇ ಹೆಚ್ಚು. ಗೋಧಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಬೆಳೆಯಾದ್ದರಿಂದ, ಎರಡು ತಳಿಗಳನ್ನು ಕೂಡಿಸಬೇಕಾದರೆ ಮೊದಲು ತಾಯಿಗಿಡದ ಪರಾಗವನ್ನು ತೆಗೆದುಹಾಕಬೇಕು. ಗರಿಯ ಒರೆಯಿಂದ ಆಗಷ್ಟೇ ಹೊರಬಂದ, ಕೇಸರಗಳು ಇನ್ನೂ ಹಸಿರಾಗಿರುವ ತೆನೆಯನ್ನು ಆರಿಸಿ, ಬುಡದ ಮತ್ತು ತುದಿಯ ಬಲಹೀನ ಹೂಗಳನ್ನು ಕಿತ್ತು, ಉಳಿದ ಹೂಗಳ ಹೊಟ್ಟಿನ ತುದಿಯನ್ನು ಕತ್ತರಿಯಿಂದ ಸವರಿ, ಪ್ರತಿ ಹೂವಿನ ಒಳಗಿನ ಮೂರು ಪರಾಗಕೋಶಗಳನ್ನು ಸಣ್ಣ ಚಿಮಟದಿಂದ ಒಡೆಯದಂತೆ ಎತ್ತಬೇಕು. ಒಂದು ಒಡೆದರೂ ಆ ಹೂವು ಕೆಟ್ಟಂತೆಯೇ. ಬಳಿಕ ತೆನೆಗೆ ತೆಳು ಕಾಗದದ ಚೀಲ ತೊಡಿಸಿ ಹೆಸರು, ತಾರೀಖು ಬರೆದು, ಎರಡು ಮೂರು ದಿನ ಬಿಟ್ಟು, ಹಳದಿಯಾಗಿ ಪರಾಗ ಉದುರಿಸುತ್ತಿರುವ ತಂದೆಗಿಡದ ತೆನೆಯನ್ನು ಆ ಚೀಲದೊಳಗೆ ತಿರುಗಿಸಿ ಮತ್ತೆ ಮುಚ್ಚಬೇಕು. ಬೆಳಗಿನ ಹೊತ್ತು ಹೊಲದಲ್ಲಿ ಮಣೆ ಹಾಕಿಕೊಂಡು ಬಾಗಿ ಕುಳಿತು ಈ ಕೆಲಸ ಮಾಡಿದವರಿಗೆ ‘ಅಭಿವೃದ್ಧಿಪಡಿಸಲಾಯಿತು’ ಎಂಬ ಕರ್ಮಣಿ ಪ್ರಯೋಗದ ಮೇಲೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ.

ಚಳಿಗಾಲದ ಗೋಧಿಯಲ್ಲಿ ಇನ್ನೊಂದು ತೊಡಕಿದೆ. ವಸಂತದ ಗೋಧಿಯನ್ನು ಬಿತ್ತಿ ಕೊಯ್ದು ಒಂದೇ ವರ್ಷದಲ್ಲಿ ಹಲವು ಪೀಳಿಗೆ ದಾಟಿಸಬಹುದು. ಚಳಿಗಾಲದ ಗೋಧಿಯ ಸಸಿಗಳನ್ನಾದರೋ ಪ್ರತಿ ಪೀಳಿಗೆಯಲ್ಲಿಯೂ ವಾರಗಟ್ಟಲೆ ತಂಪು ಕೋಣೆಯಲ್ಲಿಡದೆ ತೆನೆ ಬರುವುದಿಲ್ಲ. ಸಂಕರಣದಿಂದ ಹಿಡಿದು ರೈತನ ಕೈಗೆ ಬೀಜ ಸೇರುವವರೆಗೆ ಹತ್ತು ಹನ್ನೆರಡು ವರ್ಷ ಹಿಡಿಯುವುದು ಸಾಮಾನ್ಯ. ಈ ಕಾಲವನ್ನು ಕಡಿಮೆ ಮಾಡಲು ಒಂದು ಜಾಣ ಉಪಾಯವಿದೆ. ಸಂಕರ ಗೋಧಿಯ ಹೂವಿಗೆ ಮೆಕ್ಕೆಜೋಳದ ಪರಾಗವನ್ನು ಹಾಕುತ್ತಾರೆ. ಭ್ರೂಣವೇನೋ ಕಟ್ಟುತ್ತದೆ, ಆದರೆ ವಂಶದ ಗುಣಗಳನ್ನು ಹೊತ್ತ ಎಳೆಗಳಾದ ಮೆಕ್ಕೆಜೋಳದ ವರ್ಣತಂತುಗಳು ಮದುವೆಗೆ ಬಂದು ಊಟವಾದೊಡನೆ ಹೊರಟ ನೆಂಟರಂತೆ ಕೆಲವೇ ದಿನಗಳಲ್ಲಿ ಕಳಚಿಹೋಗುತ್ತವೆ. ಉಳಿಯುವುದು ತಾಯಿ ಗೋಧಿಯ ಅರ್ಧ ಪಾಲು. ಅದನ್ನು ಗಾಜಿನ ತಟ್ಟೆಯಲ್ಲಿ ಸಾಕಿ, ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಇಮ್ಮಡಿಗೊಳಿಸಿದರೆ, ಐದಾರು ಪೀಳಿಗೆಗಳ ನಂತರ ಸಿಗಬೇಕಾದ ಶುದ್ಧ ವಂಶ ಒಂದೇ ನೆಗೆತದಲ್ಲಿ ಸಿಗುತ್ತದೆ.

ಇನ್ನು ಪರೀಕ್ಷೆ. ಒಂದು ಗರಿ ಬಿಚ್ಚಿದ ಸಸಿಗಳ ಮೇಲೆ ತುಕ್ಕಿನ ಬೀಜಕಣಗಳನ್ನು ಹಗುರವಾದ ಎಣ್ಣೆಯಲ್ಲಿ ಬೆರೆಸಿ ಸಿಂಪಡಿಸಿ, ಒಂದು ರಾತ್ರಿ ಇಬ್ಬನಿ ಕಟ್ಟುವ ಕೋಣೆಯಲ್ಲಿಟ್ಟು, ಎರಡು ವಾರದ ಬಳಿಕ ಗರಿಯನ್ನು ಭೂತಗನ್ನಡಿಯಲ್ಲಿ ನೋಡಿ ಅಂಕ ಹಾಕುತ್ತಾರೆ. ಏನೂ ಇಲ್ಲದಿದ್ದರೆ ಸೊನ್ನೆ, ದೊಡ್ಡ ಗುಳ್ಳೆ ಒಡೆದು ಪುಡಿ ಉದುರುತ್ತಿದ್ದರೆ 4. ಇವೆರಡರ ನಡುವೆ, ಸೂಜಿ ಚುಚ್ಚಿದಷ್ಟು ಜಾಗ ಮಾತ್ರ ಬಿಳಿಚಿಕೊಂಡು ಸತ್ತಿರುವ ಗರಿಗಳೂ ಇರುತ್ತವೆ; ಶಿಲೀಂಧ್ರ ಹೊಕ್ಕ ಜೀವಕೋಶ ತಾನೇ ಸತ್ತು, ಹೊಕ್ಕವನನ್ನೂ ಉಪವಾಸ ಕೆಡವಿದ ಗುರುತು ಅದು.

ಪ್ರಶ್ನೆ: ‘ತುಕ್ಕು ನಿರೋಧಕ’ ಎಂದು ಹೆಸರಾದ ತಳಿ ನಾಲ್ಕು ವರ್ಷ ಚೆನ್ನಾಗಿ ಬಂದು ಐದನೆಯ ವರ್ಷ ಹೊಲವೆಲ್ಲ ಭಂಡಾರ ಚೆಲ್ಲಿದಂತಾಯಿತು. ಬೀಜ ಬೆರಕೆಯಾಗಿತ್ತೆ, ಅಥವಾ ತಳಿಯೇ ಹಳತಾಗಿ ಶಕ್ತಿ ಕಳೆದುಕೊಂಡಿತೆ? – ಓದುಗರು, ಬೈಲಹೊಂಗಲ

ಉತ್ತರ: ಬೀಜ ಬೆರಕೆ ಇರಬಹುದು, ಆದರೆ ತಳಿ ಹಳತಾಗಿ ಸೊರಗಿತು ಎಂಬ ಮಾತು ಮಾತ್ರ ಸರಿಯಲ್ಲ. ಗೋಧಿ ಇದ್ದಂತೆಯೇ ಇದೆ, ಬದಲಾದದ್ದು ತುಕ್ಕು.

ರೋಗ ತಡೆಯುವ ಗುಣವೂ ಮೆಂಡಲ್ ಹೇಳಿದ ನಿಯಮದಂತೆಯೇ ತಂದೆತಾಯಿಯಿಂದ ಮರಿಗೆ ಇಳಿಯುತ್ತದೆ ಎಂದು 1905ರಲ್ಲಿ ಕೇಂಬ್ರಿಜ್‌ನ ರೋಲೆಂಡ್ ಬಿಫೆನ್ ತೋರಿಸಿದರು. ಅವರು ಕೆಲಸ ಮಾಡಿದ್ದೂ ಗೋಧಿಯ ಹಳದಿ ತುಕ್ಕಿನ ಮೇಲೆಯೇ. ಆ ಗುಣವನ್ನು ಇಳಿಸುವ ಒಂದು ವಂಶವಾಹಿ (ಜೀನ್) ಸಿಕ್ಕರೆ ರೋಗದ ಕಥೆ ಮುಗಿಯಿತೆಂದು ಆ ಕಾಲದಲ್ಲಿ ಅನ್ನಿಸಿದ್ದು ಸಹಜ. ಕಥೆ ಏಕೆ ಮುಗಿಯುವುದಿಲ್ಲ ಎಂಬುದನ್ನು 1940ರ ದಶಕದಲ್ಲಿ ಉತ್ತರ ಡಕೋಟದ ಹೆರಾಲ್ಡ್ ಫ್ಲೋರ್ ಅಗಸೆಯ ತುಕ್ಕನ್ನು ಹಿಡಿದು ವಿವರಿಸಿದರು. ಗಿಡದ ಒಂದೊಂದು ನಿರೋಧಕ ವಂಶವಾಹಿಗೂ ಶಿಲೀಂಧ್ರದಲ್ಲಿ ಒಂದೊಂದು ಜೋಡಿ ವಂಶವಾಹಿ ಇರುತ್ತದೆ. ಗಿಡದ ವಂಶವಾಹಿ ಬಾಗಿಲಲ್ಲಿ ನಿಂತ ಕಾವಲುಗಾರ. ಆತ ಕಳ್ಳನನ್ನು ಗುರುತಿಸುವುದು ಅವನ ಮುಖದಿಂದಲ್ಲ, ಅವನು ಒಳನುಗ್ಗಲು ಬಳಸುವ ಒಂದು ಪ್ರೋಟೀನಿನಿಂದ. ಶಿಲೀಂಧ್ರದ ಯಾವುದೋ ಒಂದು ಬೀಜಕಣದಲ್ಲಿ ಆ ಪ್ರೋಟೀನು ಸ್ವಲ್ಪ ರೂಪ ಬದಲಿಸಿತೋ ಅಥವಾ ಇಲ್ಲವಾಯಿತೋ, ಕಾವಲುಗಾರನಿಗೆ ಅದು ಕಾಣಿಸುವುದೇ ಇಲ್ಲ. ತುಕ್ಕು ಹತ್ತಿದ ಒಂದು ಎಕರೆಯಲ್ಲಿ ಲೆಕ್ಕವಿಡಲಾಗದಷ್ಟು ಬೀಜಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಇಂಥದೊಂದು ಇರಲಾರದು ಎಂದು ನಂಬುವುದು ಕಷ್ಟ.

ನಡೆದ ಒಂದು ಪ್ರಸಂಗವನ್ನು ಹೇಳುತ್ತೇವೆ. ‘ಈಜಿಲೊಪ್ಸ್ ವೆಂಟ್ರಿಕೋಸ’ ಎಂಬುದು ಗೋಧಿಯ ದೂರದ ಸಂಬಂಧಿಯಾದ ಒಂದು ಕಾಡುಹುಲ್ಲು. ಕಾಂಡದ ಬುಡ ಕೊಳೆಸುವ ರೋಗಕ್ಕೆ ಅದರಲ್ಲಿ ತಡೆ ಇದೆಯೆಂದು 1960ರ ದಶಕದಲ್ಲಿ ಫ್ರಾನ್ಸಿನವರು ಅದನ್ನು ಗೋಧಿಯೊಡನೆ ಕೂಡಿಸಿ ‘ವಿಪಿಎಂ-1’ ಎಂಬ ವಂಶವನ್ನು ಪಡೆದರು. ಆ ಹುಲ್ಲಿನಿಂದ ಬಂದ ವರ್ಣತಂತುವಿನ ಇನ್ನೊಂದು ತುಣುಕಿನಲ್ಲಿ ಹಳದಿ, ಕಂದು, ಕಪ್ಪು ಮೂರೂ ತುಕ್ಕುಗಳ ವಿರುದ್ಧ ಒಂದೊಂದು ವಂಶವಾಹಿ ಇದ್ದವು. ಕಾನ್ಸಾಸಿನಲ್ಲಿ 1994ರಲ್ಲಿ ಬಿಡುಗಡೆಯಾದ ‘ಜ್ಯಾಗರ್’ ಎಂಬ ಚಳಿಗಾಲದ ಗೋಧಿಯಲ್ಲಿ ಈ ತುಣುಕು ಇತ್ತು. ತಳಿ ಗೆದ್ದಿತು, ರಾಜ್ಯದ ಹೊಲಗಳನ್ನು ತುಂಬಿತು. ಅದನ್ನು ತಂದೆಯಾಗಿಯೋ ತಾಯಿಯಾಗಿಯೋ ಬಳಸಿ ಇನ್ನಷ್ಟು ತಳಿಗಳು ಬಂದವು. ಹೀಗೆ ಒಂದೇ ಕಾವಲುಗಾರ ಲಕ್ಷಾಂತರ ಎಕರೆಗಳ ಬಾಗಿಲಲ್ಲಿ ನಿಂತಿದ್ದಾಗ, 2010ರ ಹೊತ್ತಿಗೆ ಅವನ ಕಣ್ಣಿಗೆ ಬೀಳದ ಹಳದಿ ತುಕ್ಕಿನ ಹೊಸ ತಂಡ ಬಂದು ಈ ತಳಿಗಳನ್ನೆಲ್ಲ ಒಟ್ಟಿಗೆ ಹಿಡಿಯಿತು. ಮರುವರ್ಷ, 2011ರಲ್ಲಿ, ಯುರೋಪಿನಲ್ಲಿ ‘ವಾರಿಯರ್’ ಎಂದು ಹೆಸರಿಸಲಾದ ಹಳದಿ ತುಕ್ಕಿನ ಗುಂಪು ಕಾಣಿಸಿಕೊಂಡಿತು. ಅದರ ಮೂಲ ಹಿಮಾಲಯದ ಸುತ್ತಮುತ್ತಲ ಪ್ರದೇಶವೆಂದು ವಂಶಪರೀಕ್ಷೆಯಿಂದ ಗೊತ್ತಾಗಿದೆ. ತುಕ್ಕಿಗೆ ಪಾಸ್‌ಪೋರ್ಟ್ ಬೇಕಿಲ್ಲ.

ಆ ಕಾಡುಹುಲ್ಲಿನ ತುಣುಕಿನ ಕಥೆ ಅಷ್ಟಕ್ಕೆ ನಿಲ್ಲಲಿಲ್ಲ ಎಂಬುದು ಸ್ವಾರಸ್ಯಕರ. 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಾಣಿಸಿಕೊಂಡು 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದಿಳಿದ ಗೋಧಿಯ ಬೆಂಕಿ ರೋಗವನ್ನು, ತುಕ್ಕಿನೆದುರು ಸೋತ ಇದೇ ತುಣುಕು ಗಣನೀಯವಾಗಿ ತಡೆಯುತ್ತದೆ. ಬಾಂಗ್ಲಾದೇಶ 2017ರಲ್ಲಿ ಬಿಡುಗಡೆ ಮಾಡಿದ ‘ಬಾರಿ ಗೊಮ್ 33’ ತಳಿಯಲ್ಲಿ ಅದು ಇದೆ. ಹಳೆಯ ನಿರೋಧಕ ಗುಣವನ್ನು ಕಸಕ್ಕೆ ಹಾಕಬಾರದೆಂದು ತಳಿ ಸಂಗ್ರಹಾಗಾರದವರು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ನಿಮ್ಮ ಹೊಲದ ವಿಷಯಕ್ಕೆ ಬಂದರೆ, ನಮ್ಮ ಕಡೆ ಕಾಟ ಕೊಡುವುದು ಕಂದು ಮತ್ತು ಕಪ್ಪು ತುಕ್ಕು. ಹಳದಿ ತುಕ್ಕಿಗೆ ನಮ್ಮ ಬಯಲಿನ ಸೆಕೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಬಯಲಿನ ಗೋಧಿ ಒಣಗಿಹೋದ ಮೇಲೂ ತುಕ್ಕು ಬೆಟ್ಟಗಳ ತಂಪಿನಲ್ಲಿ ಬದುಕಿ ಉಳಿಯುತ್ತದೆ ಎಂಬುದನ್ನು ಕಂಡುಹಿಡಿದವರು ಸಸ್ಯರೋಗ ತಜ್ಞ ಕೆ.ಸಿ. ಮೆಹ್ತಾ, ದಕ್ಷಿಣಕ್ಕೆ ಆ ಬೆಟ್ಟ ನೀಲಗಿರಿ. ಅದೇ ಕಾರಣಕ್ಕೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಅಲ್ಲಿ ತುಕ್ಕು ವರ್ಷವಿಡೀ ಜೀವಂತವಾಗಿರುವುದರಿಂದ ಹೊಸ ತಳಿಯ ಬಣ್ಣ ಬೇಗ ಬಯಲಾಗುತ್ತದೆ.

ಪ್ರಶ್ನೆ: ನಿರೋಧಕ ತಳಿ ಎಂದು ಕೊಂಡು ಬಿತ್ತಿದ ಗೋಧಿಯ ಗರಿಗಳಲ್ಲಿ ಮೊದಲ ವರ್ಷವೇ ಅಲ್ಲೊಂದು ಇಲ್ಲೊಂದು ತುಕ್ಕಿನ ಚುಕ್ಕೆ ಕಂಡವು, ಗರಿಯ ತುದಿಯೂ ಒಣಗಿತ್ತು. ನಾನು ಮೋಸ ಹೋದೆನೆ? – ಓದುಗರು, ಅಥಣಿ

ಉತ್ತರ: ಬಹುಶಃ ಇಲ್ಲ. ಒಂದು ಚುಕ್ಕೆಯೂ ಇಲ್ಲದೆ ಫಳಫಳಿಸುವ ಹೊಲಕ್ಕಿಂತ ನೀವು ವರ್ಣಿಸಿದ ಹೊಲವನ್ನು ಕಂಡರೆ ನಮಗೆ ಹೆಚ್ಚು ನೆಮ್ಮದಿ.

ನಿರೋಧದಲ್ಲಿ ಎರಡು ಬಗೆ ಇವೆ. ಒಂದು, ಹಿಂದಿನ ಉತ್ತರದಲ್ಲಿ ಹೇಳಿದ ಕಾವಲುಗಾರನ ಬಗೆ: ಗುರುತಿಸಿದರೆ ಪೂರ್ತಿ ತಡೆ, ಗುರುತಿಸದಿದ್ದರೆ ಪೂರ್ತಿ ಸೋಲು. ಇನ್ನೊಂದು, ಯಾರನ್ನೂ ಪೂರ್ತಿ ತಡೆಯದೆ ಎಲ್ಲರನ್ನೂ ನಿಧಾನಗೊಳಿಸುವ ಬಗೆ. ಲೆಕ್ಕದ ಅನುಕೂಲಕ್ಕೆ ಹೀಗೆ ಊಹಿಸಿಕೊಳ್ಳಿ: ಸಾಧಾರಣ ತಳಿಯಲ್ಲಿ ಒಂದು ತುಕ್ಕಿನ ಗುಳ್ಳೆ 8 ದಿನಕ್ಕೊಮ್ಮೆ ಹತ್ತು ಹೊಸ ಗುಳ್ಳೆಗಳಿಗೆ ಕಾರಣವಾಗುತ್ತದೆ. 48 ದಿನಗಳಲ್ಲಿ ಆರು ಸುತ್ತು. ಒಂದು ಗುಳ್ಳೆ ಹತ್ತು ಲಕ್ಷವಾಯಿತು. ನಿಧಾನಗೊಳಿಸುವ ತಳಿಯಲ್ಲಿ ಅದೇ ಸುತ್ತಿಗೆ 12 ದಿನ ಬೇಕು, ಹುಟ್ಟುವುದು ಐದೇ ಗುಳ್ಳೆ ಎನ್ನೋಣ. ಅದೇ 48 ದಿನಗಳಲ್ಲಿ ನಾಲ್ಕು ಸುತ್ತು, ಸಿಕ್ಕುವುದು 625. ಗರಿಯ ಮೇಲೆ ಚುಕ್ಕೆ ಕಾಣುತ್ತದೆ, ಕಣಜದಲ್ಲಿ ಕೊರತೆ ಕಾಣುವುದಿಲ್ಲ. ಅದಕ್ಕೂ ಮಿಗಿಲಾಗಿ, ಇಂಥ ಗುಣ ಕೆಲವು ಸಣ್ಣ ಪ್ರಭಾವದ ವಂಶವಾಹಿಗಳು ಕೂಡಿ ಆಗುವಂಥದಾದ್ದರಿಂದ, ಶಿಲೀಂಧ್ರ ಒಂದೇ ಏಟಿಗೆ ಅದನ್ನು ದಾಟಿಕೊಳ್ಳುವುದು ಕಷ್ಟ.

ಇಂಥವುಗಳಲ್ಲಿ ಹೆಸರಾದದ್ದು ‘ಎಲ್‌ಆರ್-34’. ಇದು ಕಂದು, ಹಳದಿ, ಕಪ್ಪು ತುಕ್ಕುಗಳನ್ನೂ ಬೂದಿ ರೋಗವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಮತ್ತು ದಶಕಗಳ ಬಳಕೆಯ ನಂತರವೂ ಇದನ್ನು ಪೂರ್ತಿ ಗೆದ್ದ ತುಕ್ಕಿನ ತಂಡ ಕಂಡುಬಂದಿಲ್ಲ. 2009ರಲ್ಲಿ ಇದನ್ನು ಬೇರ್ಪಡಿಸಿ ನೋಡಿದಾಗ, ಇದು ಕಾವಲುಗಾರನ ಜಾತಿಯದೇ ಅಲ್ಲ, ಜೀವಕೋಶದ ಪೊರೆಯಲ್ಲಿ ಪದಾರ್ಥಗಳನ್ನು ಆಚೀಚೆ ಸಾಗಿಸುವ ಹಮಾಲನ ಜಾತಿಯದು ಎಂದು ತಿಳಿಯಿತು. ಕ್ರಾಸ್ನೊದಾರ್‌ನಲ್ಲಿ ಪಾವೆಲ್ ಲುಕ್ಯಾನೆಂಕೊ ರೂಪಿಸಿ 1959ರಲ್ಲಿ ಹೊರಬಂದ, ಚಳಿಗಾಲದ ಗೋಧಿಗಳಲ್ಲಿ ಜಗತ್ಪ್ರಸಿದ್ಧವಾದ ‘ಬೆಜೊಸ್ತಾಯ-1’ ತಳಿಯಲ್ಲಿ ಇದೇ ವಂಶವಾಹಿ ಇದೆ. ಈ ವಂಶವಾಹಿ ಇರುವ ಗಿಡದ ಒಂದು ಗುರುತೆಂದರೆ ಬಲಿತ ಗರಿಯ ತುದಿ ಒಂದಿಷ್ಟು ಒಣಗುವುದು. ನೀವು ದೋಷವೆಂದು ಬರೆದದ್ದು ಅದೇ ಇರಬಹುದು. ಆದರೆ ನೀರಿನ ಕೊರತೆಯಿಂದಲೂ ತುದಿ ಒಣಗುತ್ತದೆ, ಆದ್ದರಿಂದ ಇದನ್ನೇ ಪುರಾವೆಯೆಂದು ಹಿಡಿಯಬೇಡಿ.

ಈ ಬಗೆಯ ಗುಣವನ್ನು ಮಾರುವುದು ಕಷ್ಟ ಎಂಬುದನ್ನೂ ಒಪ್ಪಿಕೊಳ್ಳಬೇಕು. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಚೊಕ್ಕ ಹಸಿರಿನ ಪಕ್ಕ ಚುಕ್ಕೆ ಬಿದ್ದ ತಳಿಯನ್ನಿಟ್ಟರೆ ರೈತರ ಕಣ್ಣು ಹೋಗುವುದು ಹಸಿರಿನ ಕಡೆಗೇ. ಈಗ ತಳಿ ತಜ್ಞರು ಎರಡನ್ನೂ ಕೂಡಿಸುತ್ತಾರೆ: ಕೆಳಗೆ ನಿಧಾನಗೊಳಿಸುವ ಒಂದೆರಡು ಮೂರು ವಂಶವಾಹಿಗಳ ತಳಪಾಯ, ಮೇಲೆ ಇಬ್ಬರು ಮೂವರು ಕಾವಲುಗಾರರು. ಇವೆಲ್ಲ ಒಂದೇ ಗಿಡದಲ್ಲಿ ಸೇರಿವೆಯೇ ಎಂದು ಬರಿಗಣ್ಣಿನಿಂದ ಹೇಳಲಾಗದು, ಏಕೆಂದರೆ ಒಂದು ಕೆಲಸ ಮಾಡುತ್ತಿದ್ದರೆ ಉಳಿದವು ಅದರ ಮರೆಯಲ್ಲಿರುತ್ತವೆ. ಅದಕ್ಕಾಗಿಯೇ ಎಳೆಯ ಗರಿಯ ತುಣುಕಿನಿಂದ ಡಿಎನ್‌ಎ ತೆಗೆದು ಗುರುತು ಹಚ್ಚುವ ವಿಧಾನ ಇಂದು ತಳಿ ಕೆಲಸದ ದಿನಚರಿಯಾಗಿದೆ.

ಪ್ರಶ್ನೆ: ಶಿಲೀಂಧ್ರಕ್ಕೆ ನಿರೋಧ ಸರಿ. ಹೇನು, ನೊಣಗಳನ್ನು ಗಿಡ ತಾನಾಗಿ ತಡೆಯುವುದು ಹೇಗೆ ಸಾಧ್ಯ? ಗಿಡಕ್ಕೆ ಓಡಲಾಗದು, ಕೈಯಿಲ್ಲ. – ಓದುಗರು, ನವಲಗುಂದ

ಉತ್ತರ: ಕೈಯಿಲ್ಲದಿದ್ದರೂ ಗಿಡಕ್ಕೆ ರಸವಿದೆ, ರಚನೆಯಿದೆ.

ಅಮೆರಿಕದ ಗೋಧಿಗೆ ಹದಿನೆಂಟನೆಯ ಶತಮಾನದ ಕೊನೆಯಿಂದ ಕಾಡುತ್ತಿರುವ ಶತ್ರು ಹೆಸಿಯನ್ ನೊಣ. ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಲು ಬಂದ ಜರ್ಮನಿಯ ಹೆಸ್ ಪ್ರಾಂತದ ಬಾಡಿಗೆ ಸೈನಿಕರ ಹುಲ್ಲುಹಾಸಿಗೆಯಲ್ಲಿ ಬಂತೆಂದು ನಂಬಿ ಅಲ್ಲಿಯವರು ಅದಕ್ಕೆ ಆ ಹೆಸರಿಟ್ಟರು. ಸೊಳ್ಳೆಯಂಥ ಈ ನೊಣ ಬದುಕುವುದು ಎರಡು ಮೂರು ದಿನ; ಅಷ್ಟರಲ್ಲಿ ಎಳೆಯ ಗರಿಯ ಮೇಲಿನ ಗೆರೆಗಳಲ್ಲಿ ಕೆಂಪಗಿನ ಪುಟ್ಟ ಮೊಟ್ಟೆಗಳನ್ನು ಸಾಲಾಗಿ ಇಡುತ್ತದೆ. ಮರಿಹುಳ ಗರಿಯಿಂದ ಜಾರಿ ಒರೆಯೊಳಕ್ಕೆ ಇಳಿದು, ಸಸಿಯ ಬುಡದಲ್ಲಿ ಕೂತು, ಕೊರೆಯದೆ ಕಡಿಯದೆ, ಜೊಲ್ಲಿನ ಮೂಲಕ ಗಿಡಕ್ಕೆ ಕೆಲವು ಪ್ರೋಟೀನುಗಳನ್ನು ಸೇರಿಸುತ್ತದೆ. ಗಿಡ ಆ ಮಾತಿಗೆ ಮರುಳಾಗಿ ಹುಳಕ್ಕೆ ಬೇಕಾದ ಪೋಷಕ ರಸವನ್ನು ತಾನೇ ಸುರಿಸತೊಡಗುತ್ತದೆ. ತನ್ನ ಬೆಳವಣಿಗೆಯನ್ನು ನಿಲ್ಲಿಸಿ ಗಾಢ ಹಸಿರಾಗಿ ಕುಬ್ಜವಾಗುತ್ತದೆ. ನಿರೋಧಕ ತಳಿ ಆ ಜೊಲ್ಲನ್ನು ಗುರುತಿಸುತ್ತದೆ. ರಸ ಬರುವುದಿಲ್ಲ, ಬದಲಿಗೆ ಹುಳದ ಕರುಳಿನ ಒಳಪದರವನ್ನು ಹಾಳುಮಾಡುವ ಪ್ರೋಟೀನುಗಳು ಬರುತ್ತವೆ. ಕೆಲವೇ ದಿನಗಳಲ್ಲಿ ಮರಿ ಕೂತಲ್ಲೇ ಸಾಯುತ್ತದೆ. ಈ ಗುಣದ ‘ಪಾನಿ’ ಎಂಬ ಚಳಿಗಾಲದ ತಳಿ 1942ರಲ್ಲಿ ಬಂತು. ಅಂದಿನಿಂದ ಈ ನೊಣದ ವಿರುದ್ಧ ಮೂವತ್ತಕ್ಕೂ ಹೆಚ್ಚು ವಂಶವಾಹಿಗಳನ್ನು ಹುಡುಕಿದ್ದಾರೆ. ನೊಣವೂ ಸುಮ್ಮನೆ ಕೂತಿಲ್ಲ, ತುಕ್ಕಿನ ಹಾಗೆಯೇ ಅದರಲ್ಲೂ ಹೊಸ ಹೊಸ ತಂಡಗಳು ಹುಟ್ಟಿವೆ. ಆದ್ದರಿಂದ ಬೀಜದ ಮೇಲೆಯೇ ಭಾರ ಹಾಕದೆ, ಶರತ್ಕಾಲದ ನೊಣಗಳು ಸತ್ತ ಮೇಲೆ ಸಸಿ ಹುಟ್ಟುವಂತೆ ಬಿತ್ತನೆಯನ್ನು ತಡಮಾಡಿರೆಂದು ಅಲ್ಲಿನ ಕೃಷಿ ಇಲಾಖೆಗಳು ಪ್ರದೇಶವಾರು ದಿನಾಂಕ ಹೇಳುತ್ತ ಬಂದಿವೆ.

ಇನ್ನೊಂದು ಉದಾಹರಣೆ ನೀವು ಕೇಳಿದ ಹೇನಿನದು. ರಷ್ಯನ್ ಗೋಧಿ ಹೇನು 1986ರಲ್ಲಿ ಟೆಕ್ಸಾಸಿನಲ್ಲಿ ಕಾಣಿಸಿಕೊಂಡಿತು. ಅದು ರಸ ಹೀರಿದ ಗರಿ ಬಿಳಿ, ನೇರಳೆ ಪಟ್ಟೆ ಮೂಡಿಸಿಕೊಂಡು ಬೀಡಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹೇನು ಆ ಸುರುಳಿಯೊಳಗೆ ಹಾಯಾಗಿರುತ್ತದೆ, ಔಷಧಿಯ ಹನಿ ಒಳಗೆ ಹೋಗುವುದಿಲ್ಲ. ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯ 1994ರಲ್ಲಿ ‘ಹಾಲ್ಟ್’ ಎಂಬ ನಿರೋಧಕ ತಳಿಯನ್ನು ಬಿಡುಗಡೆ ಮಾಡಿತು. ಅದರ ಗರಿ ಸುತ್ತಿಕೊಳ್ಳುವುದಿಲ್ಲ. ಗರಿ ಬಿಚ್ಚಿಕೊಂಡೇ ಇದ್ದರೆ ಹೇನಿಗೆ ಮನೆಯಿಲ್ಲ, ಗುಲಗಂಜಿ ಹುಳುವಿಗೆ ಊಟ ಸಿಕ್ಕಿತು. ಇಷ್ಟು ಚೆಂದದ ಉಪಾಯವೂ ಒಂದೇ ವಂಶವಾಹಿಯ ಮೇಲೆ ನಿಂತಿತ್ತು. 2003ರಲ್ಲಿ ಕೊಲೊರಾಡೊದಲ್ಲಿಯೇ ಅದನ್ನು ಮೀರಿದ ಹೇನಿನ ತಂಡ ಸಿಕ್ಕಿತು.

ರಚನೆಯ ಉದಾಹರಣೆ ಬೇಕಿದ್ದರೆ ಮೊಂಟಾನದ ಗರಗಸ ನೊಣವನ್ನು ನೋಡಬಹುದು. ಟೊಳ್ಳು ಕಾಂಡದೊಳಗೆ ಮರಿ ಮೇಲೆ ಕೆಳಗೆ ಓಡಾಡಿ, ಕೊಯ್ಲಿನ ಮುನ್ನ ಬುಡವನ್ನು ಗರಗಸದಲ್ಲಿ ಕೊಯ್ದಂತೆ ಕತ್ತರಿಸುತ್ತದೆ. ಅಲ್ಲಿಯ ತಜ್ಞರು ಕಬ್ಬಿನ ಹಾಗೆ ತಿರುಳು ತುಂಬಿದ ಕಾಂಡದ ಗೋಧಿಯನ್ನು ರೂಪಿಸಿದರು. ಮೋಡ ಮುಸುಕಿದ ವರ್ಷ ತಿರುಳು ಸರಿಯಾಗಿ ತುಂಬುವುದಿಲ್ಲವೆಂಬುದೊಂದೇ ಅದರ ಕೊರಗು.

ಪ್ರಶ್ನೆ: ಗೋಧಿಯಲ್ಲಿ ಬೇರೆ ಧಾನ್ಯದ ವಂಶವಾಹಿ ಸೇರಿಸಿದ್ದಾರೆಂದು ಓದಿದೆ. ನಾವು ತಿನ್ನುವ ಚಪಾತಿ ಕುಲಾಂತರಿಯೆ? – ಓದುಗರು, ಬೆಂಗಳೂರು

ಉತ್ತರ: ಅಲ್ಲ. ನೀವು ಓದಿದ್ದು ರೈ ಎಂಬ ಧಾನ್ಯದ ವಿಷಯವಿರಬೇಕು. ರೈಯನ್ನೂ ಗೋಧಿಯನ್ನೂ ಸಂಕರಗೊಳಿಸಿದಾಗ ಗೋಧಿಯ ಒಂದು ವರ್ಣತಂತುವಿನ ಗಿಡ್ಡ ತೋಳು ಕಳಚಿ ಅದರ ಜಾಗದಲ್ಲಿ ರೈಯ ತೋಳು ಕೂತುಕೊಂಡಿತು. ಗೋಧಿಯಲ್ಲಿ 42 ವರ್ಣತಂತುಗಳಿದ್ದು, ಮೂರು ಹುಲ್ಲುಗಳಿಂದ ಬಂದ ವರ್ಣತಂತುಗಳ ಸಂಸಾರ ಒಂದೇ ಮನೆಯಲ್ಲಿರುವುದರಿಂದ, ಇಂಥ ಅದಲುಬದಲನ್ನು ಅದು ತಾಳಿಕೊಳ್ಳುತ್ತದೆ. ಆ ತೋಳಿನಲ್ಲಿ ಮೂರೂ ತುಕ್ಕುಗಳ ಮತ್ತು ಬೂದಿ ರೋಗದ ವಿರುದ್ಧ ಒಂದೊಂದು ವಂಶವಾಹಿ ಇದ್ದವು. ‘ಕವ್ಕಾಜ್’ ಎಂಬ ರಷ್ಯದ ಚಳಿಗಾಲದ ಗೋಧಿಯಿಂದ ಅದು ಮೆಕ್ಸಿಕೊದ ಅಂತಾರಾಷ್ಟ್ರೀಯ ಗೋಧಿ ಸಂಶೋಧನಾ ಕೇಂದ್ರದ ವಸಂತ ಗೋಧಿಗಳಿಗೆ ದಾಟಿ, ಅಲ್ಲಿಂದ ಉತ್ತರ ಭಾರತದ ಹೊಲಗಳನ್ನು ವರ್ಷಗಟ್ಟಲೆ ಆಳಿದ ‘ಪಿಬಿಡಬ್ಲ್ಯು 343’ರವರೆಗೆ ಬಂತು. ಹಳದಿ ತುಕ್ಕಿನ ವಿರುದ್ಧ ಅದರ ಬಲ ಬೇಗ ಮುಗಿಯಿತು. ಕಪ್ಪು ತುಕ್ಕಿನ ವಿರುದ್ಧದ ಬಲ, ಉಗಾಂಡದಲ್ಲಿ ಕಾಣಿಸಿಕೊಂಡು 1999ರಲ್ಲಿ ‘ಯುಜಿ 99’ ಎಂದು ಹೆಸರು ಪಡೆದ ತಂಡ ಬರುವವರೆಗೆ ನಿಂತಿತ್ತು.

ಇವೆಲ್ಲ ಪರಾಗದಿಂದ ನಡೆದ ಸಂಕರಣ. ಪ್ರಯೋಗಾಲಯದಲ್ಲಿ ವಂಶವಾಹಿಯನ್ನು ನೇರವಾಗಿ ಸೇರಿಸಿದ್ದಲ್ಲ. ನಿಮ್ಮ ಅಡುಗೆಮನೆಗೆ ಸಂಬಂಧಿಸಿದ ದೂರೊಂದು ಮಾತ್ರ ನಿಜ. ರೈಯ ಆ ತೋಳು ಬಂದಾಗ ಗೋಧಿಯ ಕೆಲವು ಜಿಗುಟು ಪ್ರೋಟೀನುಗಳ ಜಾಗದಲ್ಲಿ ರೈಯ ಪ್ರೋಟೀನು ಸೇರಿಕೊಂಡಿತು. ಇಂಥ ಹಿಟ್ಟಿನ ಕಣಕ ಕೈಗೆ ಅಂಟುತ್ತದೆಂದು ಬ್ರೆಡ್ ಮಾಡುವವರು ಬಹಳ ವರ್ಷ ಗೊಣಗಿದರು. ಒಳ್ಳೆಯ ಗುಣದ ಬೆನ್ನಿಗೆ ಬೇಡದ್ದೂ ಅಂಟಿಕೊಂಡು ಬರುವ ಈ ತಾಪತ್ರಯವೇ ತಳಿ ತಜ್ಞರ ಅರ್ಧ ಆಯುಷ್ಯವನ್ನು ತಿನ್ನುವುದು.

ಪ್ರಶ್ನೆ: ವೈರಸ್ ರೋಗಗಳಿಗೂ ನಿರೋಧಕ ತಳಿ ಇವೆಯೆ? – ಓದುಗರು, ವಿಚಿಟಾ (ಇನ್ನೊಂದು ಪತ್ರ)

ಉತ್ತರ: ಇವೆ, ಆದರೆ ಷರತ್ತಿನೊಡನೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಹರಡುವ ಗೋಧಿಯ ಗೆರೆ ಮೊಸಾಯಿಕ್ ವೈರಸ್ 2017ರಲ್ಲಿ ಪಶ್ಚಿಮ ಕಾನ್ಸಾಸಿಗೆ ದೊಡ್ಡ ಹಾನಿ ಮಾಡಿತು. ಅದರ ವಿರುದ್ಧ ಬಳಕೆಯಲ್ಲಿರುವ ಎರಡು ಮುಖ್ಯ ವಂಶವಾಹಿಗಳೂ ತಂಪಿರುವಾಗ, ಅಂದರೆ 18 ಡಿಗ್ರಿಯ ಆಸುಪಾಸಿನಲ್ಲಿ, ಚೆನ್ನಾಗಿ ಕೆಲಸ ಮಾಡಿ ಬಿಸಿಲೇರಿದರೆ ಸೋಲುತ್ತವೆ. ಬೆಚ್ಚನೆಯ ಶರತ್ಕಾಲದಲ್ಲಿ ಬೇಗ ಬಿತ್ತಿದವರಿಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆಲಿಕಲ್ಲಿಗೆ ಉದುರಿದ ಕಾಳು ಬೇಸಿಗೆಯಲ್ಲಿ ತಾನಾಗಿ ಮೊಳೆತು ನಿಲ್ಲುವ ಸಸಿಗಳನ್ನು ಬಿತ್ತನೆಗೆ ಕನಿಷ್ಠ ಎರಡು ವಾರ ಮೊದಲೇ ನಾಶಮಾಡುವುದು. ಹಳೆಯ ಬೆಳೆಯಿಂದ ಹೊಸ ಬೆಳೆಗೆ ನುಸಿ ದಾಟುವ ಸೇತುವೆ ಅವೇ. ಪಕ್ಕದ ಹೊಲದವನು ಅದನ್ನು ಮಾಡದಿದ್ದರೆ ನೀವು ಮಾಡಿದ್ದೂ ವ್ಯರ್ಥ.

ಪ್ರಶ್ನೆ: ಕಾನ್ಸಾಸಿನಲ್ಲಿರುವ ನಮ್ಮಣ್ಣ ಬರುವ ದೀಪಾವಳಿಗೆ ಊರಿಗೆ ಬರುತ್ತಾನೆ. ಅಲ್ಲಿಯ ರೋಗನಿರೋಧಕ ಗೋಧಿಯ ಬೀಜ ಎರಡು ಕೆಜಿ ತರಲು ಹೇಳಿದ್ದೇನೆ. ನಮ್ಮ ಎರೆ ಹೊಲಕ್ಕೆ ಹೊಂದೀತೆ? ನಮ್ಮಲ್ಲಿ ಈಗ ಜವೆ ಗೋಧಿ ಹಾಕುತ್ತೇವೆ. – ಓದುಗರು, ಧಾರವಾಡ ಜಿಲ್ಲೆ

ಉತ್ತರ: ಹೊಂದುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಚಳಿ ನಿಮ್ಮ ಹೊಲದಲ್ಲಿ ಸಿಗುವುದಿಲ್ಲವಾದ್ದರಿಂದ ಆ ಗೋಧಿ ಹುಲ್ಲಿನಂತೆ ಹರಡಿಕೊಂಡು ಸಂಕ್ರಾಂತಿಯ ನಂತರವೂ ತೆನೆ ಬಿಡದೆ ನಿಂತಿದ್ದು, ಬಿಸಿಲಿಗೆ ಒಣಗುತ್ತದೆ. ಅಲ್ಲಿಯ ನಿರೋಧಕ ಗುಣ ನಮಗೆ ಬೇಕಿದ್ದರೆ ಅದನ್ನು ಸಂಕರಣದಿಂದ ನಮ್ಮ ತಳಿಗಳಿಗೆ ಇಳಿಸಿಕೊಳ್ಳಬೇಕು. ಆ ಕೆಲಸ ಸಂಶೋಧನಾ ಕೇಂದ್ರಗಳಲ್ಲಿ ನಡೆಯುವಂಥದು.

ಹಾಗೆ ನೋಡಿದರೆ ಗುಣ ಈ ಕಡೆಯಿಂದ ಆ ಕಡೆಗೂ ಹೋಗಿದೆ. ನೀವು ಹುಗ್ಗಿಗೆ ಕುಟ್ಟುವ ಜವೆ ಗೋಧಿಯ ಬಳಗದ ‘ಖಪ್ಲಿ’ಯನ್ನು, ಅಮೆರಿಕದ ಮಿನ್ನೆಸೋಟದಲ್ಲಿ ಎಲ್ವಿನ್ ಸ್ಟಾಕ್‌ಮನ್ ಕಪ್ಪು ತುಕ್ಕಿನ ತಂಡಗಳನ್ನು ಪತ್ತೆಹಚ್ಚಲು ಆರಿಸಿಕೊಂಡ ಹನ್ನೆರಡು ಗೋಧಿಗಳ ಪಟ್ಟಿಯಲ್ಲಿ ನೂರು ವರ್ಷದ ಹಿಂದೆಯೇ ಸೇರಿಸಿದ್ದರು, ಉಳಿದ ಗೋಧಿಗಳು ಸೋತಲ್ಲಿಯೂ ಅದು ಬಹಳ ಮಟ್ಟಿಗೆ ನಿಲ್ಲುತ್ತಿತ್ತು. ‘ಎಸ್‌ಆರ್-13’, ‘ಎಸ್‌ಆರ್-14’ ಎಂಬ ವಂಶವಾಹಿಗಳು ಅದರಲ್ಲಿವೆ. ಅವುಗಳಲ್ಲಿ ಮೊದಲನೆಯದು ‘ಯುಜಿ 99’ಕ್ಕೂ ಬಗ್ಗಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ‘ಡಿಡಿಕೆ 1025’, ‘ಡಿಡಿಕೆ 1029’ ತಳಿಗಳು ಗಿಡ್ಡವಾಗಿ ಬೆಳೆದು ಬೀಳದೆ ನಿಲ್ಲುವ ಜವೆ ಗೋಧಿಗಳು; ಬದಲಾವಣೆ ಬೇಕೆಂದಿದ್ದರೆ ಮೊದಲು ಅವುಗಳನ್ನು ವಿಚಾರಿಸಿ.

ಅಣ್ಣನಿಗೆ ಇವತ್ತೇ ಫೋನ್ ಮಾಡಿ ಬೀಜ ತರಬೇಡವೆಂದು ಹೇಳಿ. ಮೇಲೆ ಹೇಳಿದ ಮೊಸಾಯಿಕ್ ವೈರಸ್ ಅಲ್ಪ ಪ್ರಮಾಣದಲ್ಲಾದರೂ ಬೀಜದ ಮೂಲಕ ಹರಡಬಲ್ಲದು. ತೆನೆಯ ಕಾಳನ್ನು ಕಪ್ಪು ಪುಡಿಯಾಗಿಸುವ ಕಾಡಿಗೆ ರೋಗಗಳ ಕಣಗಳು ಕಾಳಿನ ಮೈಗೆ ಅಂಟಿಕೊಂಡು ಬರುತ್ತವೆ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ, ರೋಗಮುಕ್ತಿ ಪ್ರಮಾಣಪತ್ರ ಇಲ್ಲದೆ ಹೊರದೇಶದ ಬೀಜ ತರುವಂತಿಲ್ಲ, ಚೀಲದಲ್ಲಿ ಒಂದು ಹಿಡಿ ಇದ್ದರೂ ಅಷ್ಟೆ. ಸಂಶೋಧನೆಗೆಂದು ತರಿಸುವವರೂ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊದ ಮೂಲಕ, ಅಲ್ಲಿ ತಪಾಸಣೆಯಾದ ನಂತರವೇ ಪಡೆಯುತ್ತಾರೆ. ಹಿಂದಿನ ಭೇಟಿಯಲ್ಲಿ ತಂದದ್ದು ಮನೆಯಲ್ಲಿ ಇನ್ನೂ ಉಳಿದಿದ್ದರೆ ಬಿತ್ತಬೇಡಿ, ಕೋಳಿಗೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ. ಒಲೆಗೆ ಹಾಕಿ ಸುಟ್ಟುಬಿಡಿ.